ಫೋನಿನ ಅಂಚಿನಿಂದ ಕೆನ್ನೆ ತುರಿಕೆ: ನನಗೆ ವಾಸಿಯಾದದ್ದು ಹೀಗೆ

ಬಲಗೆನ್ನೆಯಲ್ಲಿ, ಕಿವಿಯ ಮುಂದೆ ಕೆಂಪು ಗುಳ್ಳೆ, ತುರಿಕೆ. ಕಾರವಾರದ ಸೆಕೆಗೆ ಬೆವರಿದರೆ ಇನ್ನೂ ಜಾಸ್ತಿ. ಸೋಪು ಬದಲಿಸಿದೆ, ತೆಂಗಿನೆಣ್ಣೆ ಹಚ್ಚಿದೆ, ಸುಮ್ನೆ ಮೀನನ್ನೂ ಬಿಟ್ಟೆ. ಮುಲಾಮು ಹಚ್ಚಿದಷ್ಟು ದಿನ ಕಡಿಮೆ, ನಿಲ್ಲಿಸಿದರೆ ಮತ್ತೆ ಅದೇ.

ಚರ್ಮದ ವೈದ್ಯರು ಪ್ಯಾಚ್ ಟೆಸ್ಟ್ ಮಾಡಿದರು. ಯಾವುದಕ್ಕೆ ಅಲರ್ಜಿ ಅಂತ ನೋಡಲು, ಅಲರ್ಜಿ ತರಬಹುದಾದ ವಸ್ತುಗಳಿರುವ ಪಟ್ಟಿ ಬೆನ್ನಿಗೆ ಅಂಟಿಸಿ 48 ಗಂಟೆ ಬಿಡುತ್ತಾರೆ. ಅಲ್ಲಿಯವರೆಗೆ ಬೆನ್ನು ಒದ್ದೆಯಾಗಬಾರದು. ನಿಕಲ್ ಎಂಬ ಲೋಹದ ಅಲರ್ಜಿ ಅಂತ ಗೊತ್ತಾಯಿತು.

ಫೋನಿನಲ್ಲಿ ನಿಕಲ್ ಎಲ್ಲಿದೆ? ಡೈಮೀಥೈಲ್‌ಗ್ಲಯಾಕ್ಸಿಮ್ ಎಂಬ ರಾಸಾಯನಿಕ ಇರುವ ಟೆಸ್ಟ್ ಕಿಟ್ ತರಿಸಿದೆ. ಹತ್ತಿಕಡ್ಡಿಗೆ ಹನಿ ಹಾಕಿ, ಲೋಹದ ಮೇಲೆ ಅರ್ಧ ನಿಮಿಷ ಉಜ್ಜಬೇಕು. ಹತ್ತಿ ಗುಲಾಬಿಯಾದರೆ ನಿಕಲ್ ಬಿಡುತ್ತಿದೆ ಅಂತ. ಬಟನ್ನಿನಲ್ಲೂ ಬಣ್ಣ ಸವೆದ ಅಂಚಿನಲ್ಲೂ ಗುಲಾಬಿ ಬಂತು. ಉಜ್ಜಿದ ಜಾಗ ಒರೆಸಿಬಿಡಿ.

ಮೊದಲು ಸಿಲಿಕೋನ್ ಕವರ್ ಹಾಕಿದೆ. ಬಟನ್ ಜಾಗ ಕತ್ತರಿಸಿದ ಕವರ್ ಬೇಡ, ಅದನ್ನೂ ಮುಚ್ಚುವಂಥದ್ದೇ ಬೇಕು. ಮಾತಿಗೆ ಸ್ಪೀಕರ್. ಆಮೇಲೆ ವೈದ್ಯರು ಬರೆದ ಮುಲಾಮು. ಈಗ ಮುಲಾಮು ಬಿಟ್ಟರೂ ತುರಿಕೆ ಬಂದಿಲ್ಲ.