ಭರತ–ಇಳಿತದ ಪಟ್ಟಿ ನೋಡಿಕೊಂಡು ಓದಿದ್ದು

ಮರವಂತೆ ಆಸುಪಾಸಿನಲ್ಲಿ ಹುಟ್ಟಿ ಬೆಳೆದವರು ಕಡಲ ವಿಷಯ ಓದಲು ವೇಲ್ಸಿಗೆ ಹೊರಟರೆ ಮನೆಯಲ್ಲಿ ನಗದೆ ಬಿಡುತ್ತಾರೆಯೇ? "ಕಡ್ಲ್ ಕಾಂಬುಕೆ ಅಷ್ಟ್ ದೂರ ಹೋಯ್ಕಾ ಮಗಾ?" ಎಂದರು ಅಪ್ಪಯ್ಯ. ಕಡಲು ಕಾಣಲು ಬೇಡ, ಅಳೆಯಲು ಕಲಿಯಬೇಕಿತ್ತು. ನಮ್ಮಲ್ಲಿ ಪ್ರತಿ ಮಳೆಗಾಲ ಕಡಲ್ಕೊರೆತ, ಪ್ರತಿ ಸಲ ಲಾರಿಗಟ್ಟಲೆ ಬಂಡೆಗಲ್ಲು. ಎಷ್ಟು ಮರಳು ಹೋಯಿತು, ಎಷ್ಟು ವಾಪಸು ಬಂತು ಎಂದರೆ ಲೆಕ್ಕ ಹೇಳುವವರು ಕಡಿಮೆ.

ನಾನು ಓದಿದ ಅಬರಿಸ್ಟ್ವಿತ್ ವೇಲ್ಸಿನ ಕಾರ್ಡಿಗನ್ ಕೊಲ್ಲಿಯ ದಡದಲ್ಲಿರುವ ಸಣ್ಣ ಪೇಟೆ. 1872ರಲ್ಲಿ ಅಲ್ಲಿಯ ವಿಶ್ವವಿದ್ಯಾಲಯ ಶುರುವಾದದ್ದು ಕಡಲಿಗೆ ಮುಖಮಾಡಿದ, ಹೋಟೆಲಿಗೆಂದು ಕಟ್ಟಿಸಿದ ಕಟ್ಟಡದಲ್ಲಿ. ಈಗ ಹೆಚ್ಚಿನ ತರಗತಿಗಳು ಪೆಂಗ್ಲೈಸ್ ಗುಡ್ಡದ ಮೇಲಿವೆ. ನಾನು ಸೇರಿದ್ದು ರಿಮೋಟ್ ಸೆನ್ಸಿಂಗ್ (ಉಪಗ್ರಹ, ಡ್ರೋನ್ ಚಿತ್ರಗಳಿಂದ ನೆಲವನ್ನು ಅಳೆಯುವುದು) ಮತ್ತು ಜಿಐಎಸ್ (ಕಂಪ್ಯೂಟರಿನಲ್ಲಿ ನಕ್ಷೆ ಮಾಡಿ ಲೆಕ್ಕ ಹಾಕುವುದು) ಸ್ನಾತಕೋತ್ತರ ಕೋರ್ಸಿಗೆ. ಇದಕ್ಕಿಂತ ಮೇಲಿನ ರ‍್ಯಾಂಕಿನ, ದೊಡ್ಡ ನಗರದ ವಿಶ್ವವಿದ್ಯಾಲಯದಲ್ಲೂ ಸೀಟು ಸಿಕ್ಕಿತ್ತು. ಅಲ್ಲಿ ಕಡಲತೀರಕ್ಕೆ ಹೋಗಬೇಕೆಂದರೆ ಬಸ್ಸು ಗೊತ್ತುಮಾಡಿ 'ಫೀಲ್ಡ್ ಟ್ರಿಪ್' ಮಾಡಬೇಕು. ಇಲ್ಲಿ ಗುಡ್ಡ ಇಳಿದರೆ ಕಡಲು.

ವೀಸಾದ ಕಾಗದಪತ್ರದ ಬಗ್ಗೆ ಎರಡೇ ಮಾತು. ಖಾತೆಯಲ್ಲಿ ತೋರಿಸುವ ಹಣ ಸತತ 28 ದಿನ ಅಲ್ಲಾಡದೆ ಇರಬೇಕು. ಕ್ಷಯದ ಪರೀಕ್ಷೆಯ ಪ್ರಮಾಣಪತ್ರವೂ ಬೇಕು. ವೀಸಾದ ಜೊತೆ ಕಟ್ಟುವ ಆರೋಗ್ಯ ಶುಲ್ಕ ಈಗ ವಿದ್ಯಾರ್ಥಿಗಳಿಗೆ ವರ್ಷಕ್ಕೆ 776 ಪೌಂಡ್. ಒಂದು ವರ್ಷದ ಕೋರ್ಸಾದರೂ ವೀಸಾ ಅದಕ್ಕಿಂತ ಉದ್ದ ಇರುವುದರಿಂದ ಒಂದೂವರೆ ವರ್ಷದ್ದು ಕಟ್ಟಿಸಿಕೊಳ್ಳುತ್ತಾರೆ, ಬಜೆಟ್ ಹಾಕುವಾಗ ಇದು ಮರೆಯುತ್ತದೆ. ಇನ್ನು ಬರ್ಮಿಂಗ್‌ಹ್ಯಾಮಿನಿಂದ ಬರುವ ರೈಲು ಮಖನ್‌ಲೆತ್‌ನಲ್ಲಿ ಎರಡಾಗಿ ಕೆಲವು ಬೋಗಿ ಉತ್ತರಕ್ಕೆ ಪುತೆಲಿಯ ಕಡೆ ಹೋಗುತ್ತದೆ. ಹತ್ತುವಾಗಲೇ ಕೇಳಿ ಸರಿಯಾದ ಬೋಗಿಯಲ್ಲಿ ಕೂರಿ.

ಅಲ್ಲಿ ನನ್ನ ದಿನಚರಿ ನಿರ್ಧರಿಸಿದ್ದು ಗಾಳ ಮಾರುವ ಅಂಗಡಿಯಲ್ಲಿ ಸಿಕ್ಕ ಪುಟ್ಟ ಪುಸ್ತಕ, ಕಡಲ ನೀರು ಏರುವ, ಇಳಿಯುವ ಹೊತ್ತು ಹೇಳುವ ಭರತ–ಇಳಿತದ ಪಟ್ಟಿ. ಮಂಗಳೂರು ಕಡೆ ನೀರಿನ ಏರಿಳಿತ ದೊಡ್ಡ ಭರತದ ದಿನಗಳಲ್ಲೂ ಒಂದೂವರೆ ಮೀಟರಿನ ಆಸುಪಾಸು. ಇಲ್ಲಿ ನಾಲ್ಕು ಮೀಟರ್ ದಾಟುತ್ತದೆ. ಬೆಳಿಗ್ಗೆ ನಡೆದ ಮರಳಿನ ಮೇಲೆ ಮಧ್ಯಾಹ್ನ ಎರಡಾಳು ನೀರು. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುವುದರಿಂದ ಈ ವಾರ ಬೆಳಗಿನ ಕೆಲಸ, ಮುಂದಿನ ವಾರ ಸಂಜೆಯದ್ದು. ಡಿಸೆಂಬರಿನಲ್ಲಿ ನಾಲ್ಕೂವರೆಗೆಲ್ಲ ಕತ್ತಲು, ಆಗ ಸಂಜೆಯ ಇಳಿತ ಇದ್ದೂ ಇಲ್ಲದ ಲೆಕ್ಕ.

ಇಲಾಖೆಯಲ್ಲಿ ಎರಡು ಸೆಂಟಿಮೀಟರ್ ನಿಖರತೆಯ ಜಿಪಿಎಸ್ ಇತ್ತು, ಡ್ರೋನ್ ಇತ್ತು. ನನಗೆ ಹಿಡಿಸಿದ್ದು ಮಾತ್ರ ಅಮೆರಿಕದ ಸಾಗರವಿಜ್ಞಾನಿ ಎಮರಿ 1961ರಲ್ಲಿ ಪ್ರಕಟಿಸಿದ ಎರಡು ಕೋಲಿನ ವಿಧಾನ. ಸೆಂಟಿಮೀಟರ್ ಗುರುತು ಹಾಕಿದ, ಒಂದೇ ಎತ್ತರದ ಎರಡು ಕೋಲು, ನಡುವೆ ಅಳತೆಯ ಹಗ್ಗ. ಒಂದನ್ನು ದಡದ ಕಡೆ, ಇನ್ನೊಂದನ್ನು ನೀರಿನ ಕಡೆ ನೆಟ್ಟಗೆ ಹಿಡಿಯಬೇಕು. ದಡದ ಕೋಲಿನ ಹಿಂದೆ ನಿಂತು, ಮುಂದಿನ ಕೋಲಿನ ತುದಿಯೂ ದಿಗಂತವೂ ಒಂದೇ ಗೆರೆಗೆ ಬರುವ ತನಕ ಕಣ್ಣು ತಗ್ಗಿಸುವುದು. ಆ ಗೆರೆ ನಮ್ಮ ಕೋಲನ್ನು ತುದಿಯಿಂದ ಎಷ್ಟು ಕೆಳಗೆ ದಾಟುತ್ತದೋ ಅಷ್ಟು ಮರಳು ತಗ್ಗಿದೆ ಎಂದರ್ಥ. ಬರೆದುಕೊಂಡು ಮುಂದಕ್ಕೆ. ಮಂಜು ಕವಿದು ದಿಗಂತ ಕಾಣದಿದ್ದರೆ ಅವತ್ತು ರಜೆ. ಅಲ್ಲಿ ಅಂಥ ರಜೆಗೆ ಬರವಿಲ್ಲ.

ಉತ್ತರಕ್ಕೆ ಹತ್ತಿರದಲ್ಲೇ ಬೋರ್ತ್ ಎಂಬ ಹಳ್ಳಿ. ಇಳಿತದಲ್ಲಿ ಮರಳಿನ ನಡುವೆ ಓಕ್, ಪೈನ್ ಮರಗಳ ಬುಡಗಳು ಏಳುತ್ತವೆ. ಸಾವಿರಾರು ವರ್ಷಗಳ ಹಿಂದೆ ಕಡಲು ಏರಿ ನುಂಗಿದ ಕಾಡು ಅದು. 2014ರ ಬಿರುಗಾಳಿ ಮರಳನ್ನು ಬಾಚಿಕೊಂಡು ಹೋದಾಗ ಹಿಂದೆ ಕಾಣದ ಬುಡಗಳೂ ಕಂಡವಂತೆ. ಅದೇ ಬಿರುಗಾಳಿಗೆ ಅಬರಿಸ್ಟ್ವಿತ್‌ನ ಕಡಲಂಚಿನ ಹಾಸ್ಟೆಲುಗಳನ್ನು ಖಾಲಿ ಮಾಡಿಸಿದ್ದರು. ಬೋರ್ತ್‌ನಲ್ಲಿ ದಡದಾಚೆ ನೀರಿನಲ್ಲೇ ಕಲ್ಲಿನ ದಿಬ್ಬ ಹಾಕಿ ಅಲೆಯ ಸೊಕ್ಕು ಮುರಿದಿದ್ದಾರೆ. ಉಳ್ಳಾಲದಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ (ಎಡಿಬಿ) ಸಾಲದ ಯೋಜನೆಯಲ್ಲಿ ಕಟ್ಟಿದ ದಿಬ್ಬಗಳ ಹಿಂದಿನ ಯೋಚನೆಯೂ ಇದೇ. ಇನ್ನೂ ಉತ್ತರದ ಫೇರ್‌ಬೋರ್ನ್‌ನಲ್ಲಿ ಲೆಕ್ಕಾಚಾರ ಬೇರೆ: ಎಂದೆಂದಿಗೂ ಕಾಯಲಾಗದು, 2054ರ ಸುಮಾರಿಗೆ ಜನ ಜಾಗ ಬಿಡಬೇಕಾದೀತು ಎಂಬ ಮಾತು ಬಂದದ್ದೇ ಮನೆಗಳ ಬೆಲೆ ಬಿತ್ತು. ಇದನ್ನು ತರಗತಿಯ ಸ್ಲೈಡಿನಲ್ಲಿ ನೋಡುವುದು ಬೇರೆ, ಆ ಮನೆಗಳ ಸಾಲಿನಲ್ಲಿ ನಡೆದುಕೊಂಡು ಹೋಗುವುದು ಬೇರೆ.

ಪ್ರಬಂಧಕ್ಕೆ ನಮ್ಮ ಊರಿನ ದಡವನ್ನೇ ಆರಿಸಿಕೊಂಡೆ. ಸೆಂಟಿನೆಲ್–2 ಉಪಗ್ರಹದ ಚಿತ್ರಗಳು ಪುಕ್ಕಟೆ ಸಿಗುತ್ತವೆ, ಚಿತ್ರದ ಒಂದು ಚುಕ್ಕಿ ಎಂದರೆ ನೆಲದ ಮೇಲೆ 10 ಮೀಟರ್. ಆದರೆ ಕೊರೆತ ನಡೆಯುವ ಜೂನ್‌–ಸೆಪ್ಟೆಂಬರಿನಲ್ಲಿ ಬರೀ ಮೋಡ. ಆ ತಿಂಗಳುಗಳಿಗೆ ಮೋಡ ಭೇದಿಸಿ ನೋಡುವ ಸೆಂಟಿನೆಲ್–1ರ ರೇಡಾರ್ ಚಿತ್ರ ಹಿಡಿಯಬೇಕಾಯಿತು. ಚಿತ್ರ ತೆಗೆದ ಗಳಿಗೆಯಲ್ಲಿ ಭರತವಿತ್ತೇ ಇಳಿತವಿತ್ತೇ ನೋಡದೆ ದಡದ ಗೆರೆ ಎಳೆದರೆ ಇಲ್ಲದ ಕೊರೆತವೂ ಕಾಣುತ್ತದೆ. ಬೋರ್ತ್‌ನಲ್ಲಿ ಕಾಲು ನೆನೆಸಿಕೊಂಡವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಬದುಕಿನ ವಿಚಾರ. ಕೊಡೆ ಒಯ್ಯಬೇಡಿ, ಆ ಗಾಳಿಗೆ ಉಳಿಯದು. ಕಡಲ ಹಕ್ಕಿಗಳು ಕೈಯಲ್ಲಿದ್ದ ಚಿಪ್ಸ್ ಎಗರಿಸುತ್ತವೆ. ಬೇಸಿಗೆಯಲ್ಲಿ ಬಂದರಿನ ಕಲ್ಲಿನ ಕಟ್ಟೆಯಿಂದ ಗಾಳ ಹಾಕಿ ಬಂಗುಡೆ ಹಿಡಿಯುತ್ತಾರೆ. ನಮ್ಮದಕ್ಕಿಂತ ಜಿಡ್ಡು ಜಾಸ್ತಿ, ಡಬ್ಬಿಯ ತೆಂಗಿನಹಾಲು ಹಾಕಿದರೆ ಅತಿಯಾಗುತ್ತದೆ. ಹುಳಿ ಮುಂದೆ ಮಾಡಿ, ಊರಿನಿಂದ ಒಯ್ದ ಬ್ಯಾಡಗಿ ಮೆಣಸು ಅರೆದು ಪುಳಿಮುಂಚಿ ಮಾಡಿದರೆ ಸೈ. ಟ್ರೆವೆಖನ್ ಸೇತುವೆಯನ್ನೂ ನೋಡಿ ಬನ್ನಿ. ವೆಲ್ಷ್ ಭಾಷೆಗೆ ಅಧಿಕೃತ ಸ್ಥಾನ ಬೇಕೆಂದು 1963ರಲ್ಲಿ ಯುವಕರು ಸಂಚಾರ ತಡೆದು ಕುಳಿತ ಜಾಗ. ಗೋಕಾಕ್ ಚಳವಳಿಯ ಕಥೆ ಕೇಳಿ ಬೆಳೆದ ನನಗೆ ಅಲ್ಲಿ ನಿಂತಾಗ ಅಪರಿಚಿತ ಅನಿಸಲಿಲ್ಲ.

ಪಾರ್ಟ್‌ಟೈಮ್ ಕೆಲಸದ ಸಂಬಳದಲ್ಲಿ ಬ್ಯಾಂಕ್ ಸಾಲದ ಕಂತು ಕಟ್ಟುವ ಲೆಕ್ಕ ಇದ್ದರೆ ಇಂಥ ಊರು ಬೇಡ. ವಾರಕ್ಕೆ 20 ಗಂಟೆ ದುಡಿಯಲು ಕಾನೂನು ಬಿಟ್ಟರೂ ಸಣ್ಣ ಪೇಟೆಯಲ್ಲಿ ಕೆಲಸವೇ ಕಡಿಮೆ, ಚಳಿಗಾಲದಲ್ಲಿ ಇನ್ನೂ ಕಡಿಮೆ. ಅದಕ್ಕೆ ದೊಡ್ಡ ನಗರವೇ ಸರಿ.

ಎಮರಿಯ ಕೋಲುಗಳನ್ನು ಈಗ ಊರಿನಲ್ಲಿ ಪಿವಿಸಿ ಪೈಪಿನಲ್ಲಿ ಮಾಡಿಕೊಂಡಿದ್ದೇನೆ, ಖರ್ಚು ಮುನ್ನೂರು ರೂಪಾಯಿಯೂ ಆಗಲಿಲ್ಲ. ಮಳೆಗಾಲಕ್ಕೆ ಮೊದಲು ಮೇನಲ್ಲಿ, ಮುಗಿದ ಮೇಲೆ ಅಕ್ಟೋಬರಿನಲ್ಲಿ ಒಂದೇ ಜಾಗದಿಂದ ಅಳೆಯುತ್ತೇನೆ. ದೋಣಿ ಎಳೆಯುವವರಲ್ಲಿ ಒಬ್ಬರು ಎರಡನೇ ಕೋಲು ಹಿಡಿಯಲು ಬರುತ್ತಾರೆ. ಅಳತೆಗಿಂತ ಮುಂಚೆಯೇ ಎಷ್ಟು ಮರಳು ವಾಪಸು ಬಂದಿದೆ ಎಂದು ಅವರು ಅಂದಾಜು ಹೇಳಿಬಿಡುವುದರಿಂದ, ಆ ಅಂದಾಜಿಗೂ ಪುಸ್ತಕದಲ್ಲಿ ಒಂದು ಕಾಲಂ ಮಾಡಿದ್ದೇನೆ.