ಹೆಗಲ ಮೂಳೆ ತೆಗೆದೆ, ಸೆರಗಿನ ವಿಷಯ ಮರೆತೆ

"ತಲೆ ಬಾಚ್ಕೊಳ್ಳೋಕೆ ಆಗುತ್ತಾ ಸಾರ್?"

ಕ್ಯಾನ್ಸರ್ ಅಂತ ಹೇಳಿ ಮುಗಿಸಿದ ಮೇಲೆ ಆ ಅಮ್ಮ ಕೇಳಿದ ಮೊದಲ ಪ್ರಶ್ನೆ ಇದು. ವಯಸ್ಸು ಐವತ್ತರ ಹತ್ತಿರ, ಶಾಲೆಯಲ್ಲಿ ಬಿಸಿಯೂಟದ ಅಡುಗೆ ಕೆಲಸ. ಎಡಗಡೆ ಹೆಗಲ ಮೂಳೆಯಲ್ಲಿ, ಅಂದ್ರೆ ಬೆನ್ನ ಮೇಲೆ ರೆಕ್ಕೆ ತರ ಕಾಣುವ ಆ ಚಪ್ಪಟೆ ಮೂಳೆಯಲ್ಲಿ, ಕಾಂಡ್ರೋಸಾರ್ಕೋಮಾ. ಮೃದ್ವಸ್ಥಿಯ ಕ್ಯಾನ್ಸರ್ ಇದು. ಕೀಮೋಗೆ, ರೇಡಿಯೇಷನ್‌ಗೆ ಸುಲಭವಾಗಿ ಬಗ್ಗುವುದಿಲ್ಲ. ಅದೇ ಜಾಗದಲ್ಲಿ ಮಕ್ಕಳಿಗೆ ಬರುವ ಯೂಯಿಂಗ್ ಸಾರ್ಕೋಮಾ ಆಗಿದ್ದರೆ ಮೊದಲು ಕೀಮೋ ಕೊಟ್ಟು ಕುಗ್ಗಿಸಿ ಆಮೇಲೆ ಆಪರೇಷನ್ ಮಾಡುತ್ತಿದ್ದೆವು. ಇಲ್ಲಿ ಚಾಕುವೇ ಗತಿ. ಅದೂ ಗಡ್ಡೆ ಕಣ್ಣಿಗೆ ಬೀಳದ ಹಾಗೆ, ಸುತ್ತಲಿನ ಒಳ್ಳೆಯ ಮಾಂಸದ ಪದರದ ಸಮೇತ, ಒಂದೇ ತುಂಡಾಗಿ ಹೊರಗೆ ಬರಬೇಕು.

ಅವರು ನಮ್ಮಲ್ಲಿಗೆ ಬರುವ ಮುಂಚೆಯೇ ಬೇರೆ ಒಂದು ಕಡೆ ಕೊಬ್ಬಿನ ಗಂಟು ಅಂದುಕೊಂಡು, ಸ್ಕ್ಯಾನ್ ಕೂಡ ಮಾಡಿಸದೆ, ಅಡ್ಡಕ್ಕೆ ಕೊಯ್ದು ಒಂದಷ್ಟು ತೆಗೆದು ಹೊಲಿಗೆ ಹಾಕಿ ಕಳಿಸಿದ್ದರು. ಚಾಕು, ಸೂಜಿ ಹೋದ ದಾರಿಯಲ್ಲೆಲ್ಲ ಕ್ಯಾನ್ಸರ್ ಕೋಶಗಳು ಚೆಲ್ಲಿವೆ ಅಂತಲೇ ನಮ್ಮ ಲೆಕ್ಕ. ಹಾಗಾಗಿ ಆ ಹಳೇ ಗಾಯವನ್ನು ಚರ್ಮದ ಸಮೇತ ತೆಗೆಯಬೇಕಾಯಿತು. ಸುಮ್ನೆ ಸಿಟ್ಟಲ್ಲ, ಬೇಜಾರು ನನಗೆ. ಪರೀಕ್ಷೆಗೆ ಗಡ್ಡೆಯ ಚೂರು ತೆಗೆಯುವ ಬಯಾಪ್ಸಿಗೂ ಇದೇ ಮಾತು, ಕೊನೆಗೆ ಆಪರೇಷನ್ ಮಾಡುವವರೇ ಸೂಜಿಯ ಜಾಗ ಗುರುತು ಹಾಕಬೇಕು.

ಎಂಆರ್‌ಐ ಮುಂದೆ ಕೂತಾಗ ನಾನು ಹುಡುಕಿದ್ದು ಒಂದನ್ನೇ: ತೋಳಿನ ಮೂಳೆಯ ಗುಂಡು ಕೂರುವ ಆ ಗುಳಿ ಉಳಿಯುತ್ತಾ? ಉಳಿದರೆ ಕೈ ಎತ್ತುವ ಆಸೆ ಇಟ್ಟುಕೊಳ್ಳಬಹುದು. ಗಡ್ಡೆ ಗುಳಿಯ ಬುಡಕ್ಕೇ ಬಂದಿತ್ತು. ಇಡೀ ಮೂಳೆ ಹೋಗಬೇಕು. "ಬೆರಳು, ಮಣಿಕಟ್ಟು, ಮೊಣಕೈ ಎಲ್ಲ ಚೆನ್ನಾಗಿರುತ್ತೆ ಅಮ್ಮ, ಆದರೆ ಕೈ ತಲೆಯ ತನಕ ಏಳಲ್ಲ" ಅಂತ ಹೇಳಿಬಿಟ್ಟೆ. ಮುಂಚೆಯೆಲ್ಲ ಇಂಥದ್ದಕ್ಕೆ ಇಡೀ ಕೈಯನ್ನೇ ತೆಗೆಯುತ್ತಿದ್ದರು. ಭುಜದ ಭಾಗ ಮಾತ್ರ ತೆಗೆದು ಕೈ ಉಳಿಸಬಹುದು ಅಂತ ಲಿನ್‌ಬರ್ಗ್ ಎಂಬ ರಷ್ಯಾದ ಸರ್ಜನ್ ಬರೆದದ್ದು 1928ರಲ್ಲಿ.

ಬಲಕ್ಕೆ ಮಲಗಿಸಿ, ಎಡಗೈಯನ್ನು ಬೇಕಾದ ಹಾಗೆ ಆಡಿಸಲು ಬಿಟ್ಟುಕೊಂಡು ಶುರು ಮಾಡಿದೆವು. ಈ ಒಂದು ಮೂಳೆಗೆ 17 ಸ್ನಾಯುಗಳು ಅಂಟಿಕೊಂಡಿವೆ. ಬೆನ್ನುಮೂಳೆ ಕಡೆಯ ಸ್ನಾಯುಗಳನ್ನು ಮೊದಲು ಬಿಡಿಸಿದರೆ ಮೂಳೆ ಪೆಟ್ಟಿಗೆ ಮುಚ್ಚಳದ ಹಾಗೆ ಏಳುತ್ತೆ, ಕೆಳಗೆ ಪಕ್ಕೆಲುಬು ಕಾಣುತ್ತೆ. ಮೂಳೆಯ ಒಳಮೈಗೆ ಅಂಟಿದ ಸಬ್‌ಸ್ಕ್ಯಾಪುಲಾರಿಸ್ ಸ್ನಾಯುವನ್ನು ಮುಟ್ಟಲಿಲ್ಲ, ಗಡ್ಡೆಗೂ ಪಕ್ಕೆಲುಬಿಗೂ ನಡುವೆ ಗೋಡೆ ಅದೇ ಅಲ್ವಾ, ಅದು ಮೂಳೆ ಜೊತೆಗೇ ಹೋಯಿತು. ಕಷ್ಟದ ಕೆಲಸ ಕಂಕುಳ ಕಡೆ. ಕೈಗೆ ಹೋಗುವ ನರಗಳು, ದೊಡ್ಡ ರಕ್ತನಾಳ ಎಲ್ಲ ಅಲ್ಲೇ. ಭುಜದ ಮೇಲಿನ ಡೆಲ್ಟಾಯ್ಡ್ ಸ್ನಾಯುವಿಗೆ ಹೋಗುವ ಆಕ್ಸಿಲರಿ ನರವನ್ನು ಬಿಡಿಸಿ ಪಕ್ಕಕ್ಕೆ ಸರಿಸುವ ತನಕ ಥಿಯೇಟರ್‌ನಲ್ಲಿ ಯಾರೂ ಜಾಸ್ತಿ ಮಾತಾಡಲಿಲ್ಲ. ಮೂಳೆ ಹೊರಬಂದ ಮೇಲೆ ತೋಳು ಜೋತಾಡಬಾರದಲ್ಲ, ಅದಕ್ಕೆ ತೋಳಿನ ಮೂಳೆಯ ಗುಂಡನ್ನು ಕರಗದ ಟೇಪಿನಿಂದ ಕಾಲರ್ ಮೂಳೆಗೆ ಕಟ್ಟಿ, ಉಳಿದ ಸ್ನಾಯುಗಳನ್ನು ಒಂದಕ್ಕೊಂದು ಹೊಲಿದೆವು.

ಅಂಚಿನಲ್ಲಿ ಎಲ್ಲೂ ಕ್ಯಾನ್ಸರ್ ಇಲ್ಲ ಅಂತ ಪೆಥಾಲಜಿ ರಿಪೋರ್ಟ್ ಬಂತು. ಆರು ವಾರ ಕೈಗೆ ಜೋಳಿಗೆ, ಆಮೇಲೆ ಫಿಸಿಯೋ. ಈ ಕಾಯಿಲೆ ಮೊದಲು ಹೋಗುವುದೇ ಶ್ವಾಸಕೋಶಕ್ಕೆ, ಹಾಗಾಗಿ ಎದೆಯ ಸ್ಕ್ಯಾನ್ ಮಾತ್ರ ಬಿಡುವ ಹಾಗಿಲ್ಲ.

ನಾಲ್ಕನೇ ತಿಂಗಳು ಬಂದಾಗ ಜಡೆಯ ವಿಷಯ ಕೇಳಿದೆ. ಕೂದಲನ್ನು ಮುಂದಕ್ಕೆ ಹಾಕಿಕೊಂಡು ಎದೆ ಹತ್ತಿರ ಹೆಣೆಯುತ್ತಾರಂತೆ. "ಅದು ಬಿಡಿ ಸಾರ್, ಸೆರಗು ನಿಲ್ಲಲ್ಲ" ಅಂದರು. ಎಡ ಭುಜ ಇಳಿಜಾರಾಗಿದೆ, ಪಿನ್ ಹಾಕಿದರೂ ಜಾರುತ್ತೆ. ಇಷ್ಟು ವರ್ಷದಲ್ಲಿ ಒಬ್ಬರಿಗೂ ನಾನು ಇದನ್ನು ಹೇಳಿರಲಿಲ್ಲ. ಅವರೇ ಊರಿನ ಟೈಲರ್ ಹತ್ತಿರ ರವಿಕೆಯ ಎಡಭುಜಕ್ಕೆ ದಪ್ಪ ಸ್ಪಂಜು ಇಡಿಸಿಕೊಂಡಿದ್ದರು. ಅದರ ಫೋಟೋ ತೆಗೆದುಕೊಂಡೆ, ಮುಂದೆ ಬರುವವರಿಗೆ ತೋರಿಸೋಕೆ.