ಸೂಪರ್‌ಬ್ಲಾಕ್ ಸತ್ತಿರಲಿಲ್ಲ, ಲೆಕ್ಕ ತಪ್ಪಿತ್ತು: ಮೌಂಟ್ ಆಗದ 2 ಟಿಬಿ ಡಿಸ್ಕ್

ಗದಗದ ಒಂದು ಪ್ರಿಂಟಿಂಗ್ ಪ್ರೆಸ್ಸಿನ ಡಿಸ್ಕು. ಲಗ್ನಪತ್ರಿಕೆ, ಕ್ಯಾಲೆಂಡರ್, ಶಾಲೆ ಡೈರಿ, ಎಲ್ಲ ಕೋರಲ್‌ಡ್ರಾ ಫೈಲುಗಳೂ ಅದರಲ್ಲೇ. ಯುಎಸ್‌ಬಿ ಕೇಸಿನಲ್ಲಿಟ್ಟು ಉಬುಂಟು ಸಾಂಬಾ ಸರ್ವರ್‌ಗೆ (ಎಲ್ಲರಿಗೂ ಫೈಲು ಹಂಚುವ ಲಿನಕ್ಸ್ ಯಂತ್ರ) ಜೋಡಿಸಿದ್ದರು, ಫೈಲ್‌ಸಿಸ್ಟಮ್ (ಡಿಸ್ಕಿನಲ್ಲಿ ಫೈಲು ಜೋಡಿಸಿಡುವ ರೀತಿ) ಲಿನಕ್ಸಿನ ಇಎಕ್ಸ್‌ಟಿ4. ಕರೆಂಟ್ ಹೋಗಿ ಬರುವಾಗ ಕೇಸಿನ ಬೋರ್ಡ್ ಸುಟ್ಟಿತು. ಡಿಸ್ಕ್ ಬಿಚ್ಚಿ ನೇರ ಸಾಟಾಕ್ಕೆ (ಕಂಪ್ಯೂಟರಿನ ಒಳಗಿನ ಡಿಸ್ಕ್ ಕನೆಕ್ಷನ್) ಹಾಕಿದರೆ ಮೌಂಟ್ ಆಗಲಿಲ್ಲ, ಅಂದರೆ ತೆರೆದುಕೊಳ್ಳಲಿಲ್ಲ; ರಿಪೇರಿ ಮಾಡುವ ನಮಗೆಲ್ಲ ಬಾಯಿಪಾಠವಾದ ಸಾಲು: ರಾಂಗ್ ಎಫ್‌ಎಸ್ ಟೈಪ್, ಬ್ಯಾಡ್ ಆಪ್ಷನ್, ಬ್ಯಾಡ್ ಸೂಪರ್‌ಬ್ಲಾಕ್ (ಫೈಲ್‌ಸಿಸ್ಟಮಿನ ವಿವರವೆಲ್ಲ ಇರುವ ಮೊದಲ ಪುಟ). ಹುಬ್ಬಳ್ಳಿಯಲ್ಲಿ ಇಬ್ಬರು ನೋಡಿ "ಸೂಪರ್‌ಬ್ಲಾಕ್ ಹೋಗೇತ್ರಿ, ಫಾರ್ಮ್ಯಾಟ್ ಹೊಡದ್ಬಿಡ್ರಿ" ಅಂದಿದ್ದರು. ಬೆಂಗಳೂರಿನ ರಿಕವರಿಯವರ ರೇಟು 28,000 ರೂಪಾಯಿಯ ಹತ್ತಿರ. ಕೊನೆಗೆ ಡಿಸ್ಕ್ ನನ್ನ ಹತ್ತಿರ ಬಂತು.

ಸ್ಮಾರ್ಟ್‌ನಲ್ಲಿ (ಡಿಸ್ಕ್ ತನ್ನ ಆರೋಗ್ಯ ತಾನೇ ಹೇಳುವ ಪಟ್ಟಿ) 5 ಮತ್ತು 197 ಎರಡೂ ಸೊನ್ನೆ; ಇವು ಬದಲಿಸಿದ ಮತ್ತು ಅನುಮಾನದ ಸೆಕ್ಟರುಗಳ (ಡಿಸ್ಕಿನ ಸಣ್ಣ ತುಂಡುಗಳ) ಎಣಿಕೆ, ಅಂದರೆ ಡಿಸ್ಕಿನ ಪ್ಲೇಟಿಗೆ ಏನೂ ಆದಂತಿಲ್ಲ. ಆದರೂ ಮೊದಲು ಡಿಡಿರೆಸ್ಕ್ಯೂ ಇಮೇಜ್, ಅಂದರೆ ಇಡೀ ಡಿಸ್ಕಿನ ನಕಲು ಒಂದೇ ಫೈಲಿಗೆ. ಇಲ್ಲೇ ರೊಕ್ಕ ಹೋಯಿತು. 2 ಟಿಬಿ ಇಮೇಜನ್ನು ಇನ್ನೊಂದು 2 ಟಿಬಿ ಡಿಸ್ಕಿಗೆ ಬಿಟ್ಟಿದ್ದೆ. ಇಎಕ್ಸ್‌ಟಿ4 ತನ್ನ ಪಾಲು ಇಟ್ಟುಕೊಳ್ಳುತ್ತದೆ, ಕೊನೆಗೆ ಜಾಗ ಸಾಲದೆ ನಿಂತಿತು. 4 ಟಿಬಿ ಡಿಸ್ಕಿಗೆ ಸುಮಾರು 9,000 ಕೊಟ್ಟು ಮತ್ತೆ ಶುರು. ಸೆಕೆಂಡಿಗೆ 90 ಎಂಬಿಯಂತೆ ಆರು ತಾಸಿನ ಮೇಲಾಯಿತು.

ನಂತರ ಇ2ಎಫ್‌ಎಸ್‌ಸಿಕೆ (ಫೈಲ್‌ಸಿಸ್ಟಮ್ ಪರೀಕ್ಷಿಸಿ ಸರಿಪಡಿಸುವ ಕಮಾಂಡ್), ಬರೆಯದಂತೆ ಮೈನಸ್ ಎನ್ ಇಟ್ಟು, ಸೂಪರ್‌ಬ್ಲಾಕಿನ ನಕಲು ಇರುವ ಬ್ಲಾಕ್ 32768. ಇಲ್ಲ. 98304, 163840, 229376, 294912. ಒಂದೂ ಇಲ್ಲ. ಎರಡು ಸಂಜೆ ಇದರಲ್ಲೇ ಹೋದವು. ಆದರೆ ಗುಟ್ಟು ಇದ್ದದ್ದೂ ಇಲ್ಲೇ. ಈ ನಕಲುಗಳು ಡಿಸ್ಕಿನಲ್ಲಿ 128 ಎಂಬಿಯಲ್ಲಿ ಒಂದು, ಆಮೇಲೆ 256 ಎಂಬಿಗೊಂದು ಎಂದು ಚದುರಿ ಕೂತಿರುತ್ತವೆ. ಪ್ಲೇಟ್ ಚೊಲೋ ಇರುವಾಗ ಐದೂ ಒಟ್ಟಿಗೆ ಕೆಡುವುದಿಲ್ಲ. ಐದೂ ಸಿಗದಿದ್ದರೆ ನಾವು ಹುಡುಕುವ ಜಾಗವೇ ತಪ್ಪು.

ಡಿಸ್ಕಿನ ಪಾರ್ಟಿಷನ್ (ಭಾಗ) ತೋರಿಸುವ ಎಫ್‌ಡಿಸ್ಕ್ ಔಟ್‌ಪುಟ್ ಮತ್ತೆ ತೆಗೆದು ನೋಡಿದೆ. ಡಿಸ್ಕ್ 1.8 ಟಿಐಬಿ (1024ರ ಲೆಕ್ಕದಲ್ಲಿ, 2 ಟಿಬಿಯೇ), ಪಾರ್ಟಿಷನ್ ಮಾತ್ರ 233 ಜಿಐಬಿ. ಸ್ಟಾರ್ಟ್ ಸೆಕ್ಟರ್ 256. ಸರಿಯಾಗಿ ಎಂಟನೇ ಒಂದು ಪಾಲು! ಹಳೆಯ ಕೇಸಿನ ಬೋರ್ಡು 512 ಬೈಟಿನ ಸೆಕ್ಟರನ್ನು 4096 ಎಂದು ತೋರಿಸುತ್ತಿತ್ತು. ಎಂಬಿಆರ್ ಎಂಬ ಹಳೆಯ ಮಾದರಿಯ ಪಾರ್ಟಿಷನ್ ಟೇಬಲ್‌ನಲ್ಲಿ 2 ಟಿಐಬಿ ಮಿತಿ ದಾಟಿಸಲು ಕೆಲವು ಕೇಸುಗಳಲ್ಲಿ ಹೀಗೆ ಮಾಡಿರುತ್ತಾರೆ. ಪಾರ್ಟಿಷನ್ ಟೇಬಲ್ ಬರೆದದ್ದು ಆ ಲೆಕ್ಕದಲ್ಲಿ, ಸಾಟಾ ಓದುವುದು 512ರ ಲೆಕ್ಕದಲ್ಲಿ. ಕರ್ನಲ್ 131072ನೇ ಬೈಟಿನಲ್ಲಿ ಹುಡುಕುತ್ತಿದೆ, ಫೈಲ್‌ಸಿಸ್ಟಮ್ ಇರುವುದು 256 × 4096, ಅಂದರೆ 1048576ರಲ್ಲಿ.

ಖಾತ್ರಿಗೆ ಇಮೇಜಿನ ಬೈಟುಗಳನ್ನೇ ಹೆಕ್ಸ್‌ನಲ್ಲಿ ನೋಡಿದೆ. ಇಎಕ್ಸ್‌ಟಿ4 ಗುರುತು ಪಾರ್ಟಿಷನ್ ಶುರುವಿನಿಂದ 1080ನೇ ಬೈಟಿಗೆ, 53 ಇಎಫ್. ಇಮೇಜಿನ 1049656ನೇ ಬೈಟಿನಲ್ಲಿ ಅದೇ ಜೋಡಿ ಕೂತಿತ್ತು. ಸ್ಟಾರ್ಟ್ ಸೆಕ್ಟರೇ ಗೊತ್ತಿಲ್ಲದಾಗ ಇಡೀ ಇಮೇಜಿನಲ್ಲಿ ನಿಜವಾದ ಜೋಡಿಯನ್ನು ಸುಳ್ಳಿನಿಂದ ಬೇರೆ ಮಾಡುವ ಸಣ್ಣ ಸ್ಕ್ರಿಪ್ಟ್ ನನ್ನ ಹತ್ತಿರ ಇದೆ, ಅದನ್ನು ಇಲ್ಲಿ ಕೊಡುವುದಿಲ್ಲ.

ಲೋಸೆಟಪ್‌ಗೆ (ಇಮೇಜ್ ಫೈಲನ್ನು ಡಿಸ್ಕಿನಂತೆ ತೋರಿಸುವ ಕಮಾಂಡ್) ರೀಡ್‌ಓನ್ಲಿ, ಆಫ್‌ಸೆಟ್ 1048576 ಕೊಟ್ಟು ಮೌಂಟ್ ಮಾಡಿದರೆ ಇನ್ನೊಂದು ತಕರಾರು: ಜರ್ನಲ್ (ಅರ್ಧಕ್ಕೆ ನಿಂತ ಬದಲಾವಣೆಗಳ ದಾಖಲೆ) ರಿಕವರಿ ಬೇಕು, ಬರೆಯಲು ಅವಕಾಶ ಇಲ್ಲ. ಮೌಂಟಿಗೆ ಬರೇ ಆರ್‌ಒ (ರೀಡ್‌ಓನ್ಲಿ) ಸಾಲದು, ಜರ್ನಲ್ ಮುಟ್ಟಬೇಡ ಎನ್ನುವ ನೋಲೋಡ್ ಕೂಡ ಬೇಕು. ಹಾಕಿದ ಕೂಡಲೇ ಫೋಲ್ಡರುಗಳೆಲ್ಲ ಬಂದವು. ಅವನ್ನು ಕಾಪಿ ಮಾಡಿಕೊಂಡ ಮೇಲೆ ಬರೆಯಲು ಬಿಟ್ಟ ಲೂಪಿನಲ್ಲಿ ಇ2ಎಫ್‌ಎಸ್‌ಸಿಕೆ ಓಡಿಸಿ ಜರ್ನಲ್ ಮುಗಿಸಿದೆ, ಕೊನೆಯ ದಿನದ ಕೆಲಸವೂ ಸಿಕ್ಕಿತು. ಅಲ್ಲಿಯವರೆಗೆ ಮೂಲ ಡಿಸ್ಕಿಗೆ ಒಂದು ಬೈಟೂ ಬರೆದಿರಲಿಲ್ಲ. ಮೊದಲಿನವರು ಎಂಕೆಇ2ಎಫ್‌ಎಸ್ ಮೈನಸ್ ಎಸ್ (ಸೂಪರ್‌ಬ್ಲಾಕ್ ಹೊಸದಾಗಿ ಬರೆಯುವ ಕಮಾಂಡ್) ಹೊಡೆದಿದ್ದರೆ ತಪ್ಪು ಜಾಗದಲ್ಲಿ ಸೂಪರ್‌ಬ್ಲಾಕ್ ಬರೆದು ಒಳ್ಳೆ ಡೇಟಾ ಹಾಳಾಗುತ್ತಿತ್ತು.

ಕುತೂಹಲಕ್ಕೆ ಲೋಸೆಟಪ್‌ನಲ್ಲಿ ಸೆಕ್ಟರ್ ಸೈಜ್ 4096 ಮತ್ತು ಮೈನಸ್ ಪಿ ಕೊಟ್ಟೆ: ಆಫ್‌ಸೆಟ್ ಲೆಕ್ಕವೇ ಬೇಡ, ಪಾರ್ಟಿಷನ್ ತಾನಾಗಿ ಬಂತು. 450ರ ಹೊಸ ಕೇಸು ತಂದೆ, ಅದು 512 ತೋರಿಸಿತು, ದಂಡ. ಗುಜರಿಯಲ್ಲಿದ್ದ ಹಳೆಯದೊಂದು 4096 ತೋರಿಸಿತು, ಅದರಲ್ಲಿ ಡಿಸ್ಕ್ ನೆಟ್ಟಗೆ ಮೌಂಟ್ ಆಯಿತು. ಎಲ್‌ಎಸ್‌ಬಿಎಲ್‌ಕೆ ಮೈನಸ್ ಟಿ ಕೊಟ್ಟು ಲಾಗ್-ಸೆಕ್ ಕಾಲಂ ನೋಡಿದರೆ ಕೇಸಿನ ಜಾತಿ ತಿಳಿಯುತ್ತದೆ.

6,000 ತೆಗೆದುಕೊಂಡೆ, 4 ಟಿಬಿ ಡಿಸ್ಕಿನ ರೊಕ್ಕ ಬೇರೆ. ಅದೇ ಈಗ ಪ್ರೆಸ್ಸಿನಲ್ಲಿ ಕೇಸಿಲ್ಲದೆ ನೇರ ಸಾಟಾದಲ್ಲಿ ಇದೆ. ಎಫ್‌ಎಸ್‌ಟ್ಯಾಬ್‌ನಲ್ಲಿ (ಶುರುವಾಗುವಾಗ ಯಾವ ಡಿಸ್ಕ್ ಮೌಂಟ್ ಆಗಬೇಕೆಂಬ ಪಟ್ಟಿ) ಹೊಸ ಯುಯುಐಡಿ (ಫೈಲ್‌ಸಿಸ್ಟಮಿನ ಗುರುತು ಸಂಖ್ಯೆ), ಜೊತೆಗೆ ನೋಫೇಲ್: ಮುಂದೆ ಡಿಸ್ಕ್ ಸಿಗದಿದ್ದರೂ ಸರ್ವರ್ ಎಮರ್ಜೆನ್ಸಿ ಮೋಡಿಗೆ ಹೋಗಿ ಕೂರುವುದಿಲ್ಲ.